ಮಂಗಳನ ಕೆಂಪು ಬೇಡ, ಕೆಸರು ಬೇಕು

ಮಂಗಳ ಗ್ರಹದಲ್ಲಿ ಹಿಂದೆ ಜೀವ ಇತ್ತಾ? ಮಂಗಳೂರಿನಲ್ಲಿ ಭೂವಿಜ್ಞಾನ ಕಲಿಸುವ ನನ್ನನ್ನು ಮಕ್ಕಳು ಜಾಸ್ತಿ ಕೇಳುವುದು ಇದನ್ನೇ. ಎಂಥ ಕಲ್ಲಿನಲ್ಲಿ ಹುಡುಕಬೇಕು ಎಂಬುದರಿಂದ ನಾನು ಶುರು ಮಾಡುತ್ತೇನೆ.

ನಮ್ಮ ಮುರಕಲ್ಲನ್ನೇ ನೋಡಿ. ಲಕ್ಷಾಂತರ ವರ್ಷ ಮಳೆ ಸುರಿದು, ಕರಗುವುದೆಲ್ಲ ಕರಗಿ, ಕಬ್ಬಿಣ, ಅಲ್ಯುಮಿನಿಯಂ ಉಳಿದ ಕಲ್ಲು ಅದು. ಆಕ್ಸಿಜನ್ ಸೇರಿ ಕೆಂಪಾಗಿದೆ. ಮೇಲೆ ಕಾಡೇ ಬೆಳೆದಿದ್ದರೂ ಒಳಗೆ ಒಂದು ಎಲೆಯ ಗುರುತು ಉಳಿಯುವುದೂ ಅಪರೂಪ. ಅದೇ ನೇತ್ರಾವತಿ ಅಳಿವೆಯಲ್ಲಿ ನೀರು ಇಳಿದಾಗ ಕೆಸರಿಗೆ ಕೈ ಹಾಕಿ. ಸ್ವಲ್ಪ ಕೆಳಗೆ ಹೋದರೆ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಅಲ್ಲಿ ಆಕ್ಸಿಜನ್ ಇಲ್ಲ. ಸೂಕ್ಷ್ಮಜೀವಿಗಳು ಕಡಲ ನೀರಿನ ಸಲ್ಫೇಟ್ (ಗಂಧಕ, ಆಕ್ಸಿಜನ್ ಸೇರಿದ ಲವಣ) ಬಳಸಿ ಬದುಕುತ್ತವೆ. ಅವು ಹೊರಬಿಟ್ಟ ಗಂಧಕ ಕಬ್ಬಿಣಕ್ಕೆ ಅಂಟಿ ಕೆಸರು ಕಪ್ಪಾಗುತ್ತದೆ. ಸತ್ತ ಜೀವಿಗಳ ಇಂಗಾಲ ಹೆಚ್ಚು ಕಾಲ ಉಳಿಯುವುದು ಇಂಥಲ್ಲಿಯೇ.

ಮಂಗಳನ ಕೆಂಪೂ ಬರೀ ಮೇಲ್ಮೈಯದು. 2013ರಲ್ಲಿ ಕ್ಯೂರಿಯಾಸಿಟಿ ರೋವರ್ ಮೊದಲ ಬಾರಿ ಕಲ್ಲು ಕೊರೆದಾಗ ಹೊರಬಂದದ್ದು ಬೂದು ಪುಡಿ, ಅಂದರೆ ಒಳಗೆ ಆಕ್ಸಿಜನ್ ಸೇರಿ ಕೆಂಪಾಗದ ಕಲ್ಲು.

ಪರ್ಸಿವಿಯರೆನ್ಸ್ ರೋವರ್ 2021ರಲ್ಲಿ ಜೆಜೆರೊ ಕುಳಿಗೆ ಇಳಿದದ್ದೂ ಕೆಸರಿನ ಆಸೆಯಿಂದಲೇ. 300 ಕೋಟಿ ವರ್ಷಕ್ಕೂ ಹಿಂದೆ ಅಲ್ಲೊಂದು ದೊಡ್ಡ ಕೆರೆ ಇತ್ತು, ನದಿ ಬಂದು ಸೇರುತ್ತಿತ್ತು. 2024ರ ಜುಲೈನಲ್ಲಿ ಆ ಒಣಗಿದ ನದಿಪಾತ್ರದಲ್ಲಿ ಚೆಯಾವಾ ಫಾಲ್ಸ್ ಎಂದು ಹೆಸರಿಟ್ಟ ಕೆಸರುಗಲ್ಲು ಸಿಕ್ಕಿತು. ಮೈಮೇಲೆ ಚಿರತೆಯ ಚುಕ್ಕೆ. ಒಳಗೆ ಸಾವಯವ ಇಂಗಾಲ, ಅಂದರೆ ಜೀವಿಗಳಲ್ಲಿ ಇರುವಂಥದ್ದು, ಆದರೆ ಜೀವ ಇಲ್ಲದೆಯೂ ಆಗಬಲ್ಲದ್ದು. ಚುಕ್ಕೆಗಳಲ್ಲಿ ವಿವಿಯನೈಟ್, ಗ್ರೈಗೈಟ್ ಇರುವಂತಿದೆ ಎಂದು 2025ರ ಸೆಪ್ಟೆಂಬರಿನಲ್ಲಿ ವರದಿಯಾಯಿತು. ಒಂದು ಕಬ್ಬಿಣ-ರಂಜಕದ ಖನಿಜ, ಇನ್ನೊಂದು ಕಬ್ಬಿಣ-ಗಂಧಕದ್ದು. ಎರಡೂ ಭೂಮಿಯ ಕೆಸರಿನಲ್ಲಿ ಸೂಕ್ಷ್ಮಜೀವಿಗಳಿರುವ ಕಡೆ ಹುಟ್ಟುತ್ತವೆ.

ಇಷ್ಟಕ್ಕೇ ಜೀವ ಸಿಕ್ಕಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇವು ಜೀವ ಇಲ್ಲದೆಯೂ ಆಗಬಹುದು. ಆದರೆ ಅದಕ್ಕೆ ಸಾಮಾನ್ಯವಾಗಿ ಜಾಸ್ತಿ ಬಿಸಿ ಬೇಕು, ಆ ಕಲ್ಲು ಅಷ್ಟು ಬಿಸಿಯಾದ ಗುರುತಿಲ್ಲ. ಹಾಗಾಗಿಯೇ ನನಗೆ ಈ ಕಲ್ಲಿನ ಮೇಲೆ ಇಷ್ಟು ಕುತೂಹಲ. ಮಂಗಳನಿಂದ ಬಂದ ಉಲ್ಕೆಯಲ್ಲಿ ಜೀವದ ಗುರುತಿದೆ ಎಂದು 1996ರಲ್ಲಿ ವಿಜ್ಞಾನಿಗಳು ಹೇಳಿದಾಗಲೂ ಜಗತ್ತೇ ಕುಣಿದಿತ್ತು. ಆಮೇಲೆ ಹೆಚ್ಚಿನವರು ಒಪ್ಪಲಿಲ್ಲ.

ಪರೀಕ್ಷೆಗೆ ದಾರಿ ಇದೆ. ಗಂಧಕದಲ್ಲಿ ಹಗುರ, ಭಾರ ಎರಡೂ ಬಗೆಯ ಪರಮಾಣುಗಳಿವೆ. ಸೂಕ್ಷ್ಮಜೀವಿಗಳು ಹಗುರವಾದದ್ದನ್ನೇ ಹೆಚ್ಚು ಆರಿಸುತ್ತವೆ. ನಮ್ಮ ಅಳಿವೆಯಂಥ ಕಡೆ ಕಪ್ಪು ಕೆಸರಿನ ಗಂಧಕ ಕಡಲ ನೀರಿನದಕ್ಕಿಂತ ಹಗುರವಾಗಿರುವುದು ಅದಕ್ಕೇ. ಆ ಚುಕ್ಕೆಗಳಲ್ಲಿ ಇದನ್ನು ಅಳೆಯಲು ಭೂಮಿಯ ಲ್ಯಾಬೇ ಬೇಕು. ಮಾದರಿ ರೋವರಿನ ಕೊಳವೆಯಲ್ಲಿ ಭದ್ರವಾಗಿದೆ, ಅದನ್ನು ತರುವ ಯೋಜನೆ ಮಾತ್ರ ಖರ್ಚಿನ ಕಾರಣಕ್ಕೆ ನಿಂತುಹೋಗಿದೆ. ಇನ್ನೊಂದು ರೋವರ್ ಕಳಿಸುವುದಕ್ಕಿಂತ ಮೊದಲು ಆ ಕೊಳವೆ ಇಲ್ಲಿಗೆ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.