ಬೂತಾಯಿ ಮೀನಿನ ಲೆಕ್ಕ: ಮಾಹಿತಿ ತಂತ್ರಜ್ಞಾನ ಮತ್ತು ಸಣ್ಣ ಉದ್ಯಮ

ಪರೀಕ್ಷೆಯಲ್ಲಿ ‘ಮಾಹಿತಿ ತಂತ್ರಜ್ಞಾನ ಸಣ್ಣ ಉದ್ಯಮಕ್ಕೂ ಆರ್ಥಿಕ ಬೆಳವಣಿಗೆಗೂ ಹೇಗೆ ನೆರವಾಗುತ್ತದೆ?’ ಎಂಬ ಪ್ರಶ್ನೆ ಬಂದರೆ ನಮ್ಮಲ್ಲಿ ಹೆಚ್ಚಿನವರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಬಗ್ಗೆ ಬರೆದು ಮುಗಿಸುತ್ತೇವೆ. ನನಗೆ ಪಾಠ ತಲೆಗೆ ಹತ್ತಿದ್ದು ಮೀನುಗಾರರ ಉದಾಹರಣೆಯಿಂದ.

1997ರ ಜನವರಿ 14ರ ಬೆಳಿಗ್ಗೆ. ಕೇರಳದ ವಡಗರ ದಡಕ್ಕೆ ಬೂತಾಯಿ (ಉತ್ತರ ಕನ್ನಡದವರಿಗೆ ತಾರ್ಲೆ) ತುಂಬಿಕೊಂಡು ಬಂದ 11 ದೋಣಿಗಳಿಗೆ ಕೊಳ್ಳುವವರೇ ಸಿಗಲಿಲ್ಲ. ಹಿಡಿದ ಮೀನನ್ನೆಲ್ಲ ಚೆಲ್ಲಿದರು. ಅದೇ ಹೊತ್ತಿಗೆ 15 ಕಿ.ಮೀ. ಒಳಗಿನ ಎರಡು ದಡಗಳಲ್ಲಿ 27 ವ್ಯಾಪಾರಿಗಳು ಮೀನು ಸಿಗದೆ ಬರಿಗೈಲಿ ಹೊರಟಿದ್ದರು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಸಂಗತಿ ಇದೆ.

ಪಕ್ಕದ ದಡಕ್ಕೆ ಹೋಗಬಹುದಿತ್ತಲ್ಲ ಅನ್ನಿಸಬಹುದು. ಆದರೆ ದೋಣಿಯ ಇಂಧನಕ್ಕೆ ದುಡ್ಡು ಬೇಕು, ವ್ಯಾಪಾರ ಬೆಳಗಿನ ಕೆಲವೇ ಗಂಟೆ, ಬೂತಾಯಿ ಬೇಗ ಕೆಡುತ್ತದೆ. ಹೋದಲ್ಲಿ ಬೆಲೆ ಇದ್ದೀತೆಂಬ ಖಾತ್ರಿಯೂ ಇಲ್ಲ. ಬೆಲೆ ಎಲ್ಲಿದೆ ಎಂದು ಹುಡುಕಲು ತಗಲುವ ಈ ಹಣ, ಸಮಯವನ್ನೇ ಅರ್ಥಶಾಸ್ತ್ರದಲ್ಲಿ ‘ಹುಡುಕಾಟದ ವೆಚ್ಚ’ ಅನ್ನುತ್ತಾರೆ.

ಆಮೇಲೆ ಮೊಬೈಲ್ ಬಂತು: ಮೊದಲು ಕಲ್ಲಿಕೋಟೆಗೆ, ನಂತರ ಕಣ್ಣೂರಿಗೆ, 2000ದಲ್ಲಿ ಕಾಸರಗೋಡಿಗೆ. ಒಂದು ಕಡೆ ಫೋನ್ ಇದ್ದು ಇನ್ನೊಂದು ಕಡೆ ಇಲ್ಲದ ಕಾಲ ಸಿಕ್ಕಿದ್ದರಿಂದಲೇ ಜೆನ್ಸನ್ ಮಾಡಿದ ಹೋಲಿಕೆ ಗಟ್ಟಿಯಾಯಿತು. ಸಿಗ್ನಲ್ ಕಡಲೊಳಗೆ 20–25 ಕಿ.ಮೀ. ತನಕ ಸಿಗುತ್ತಿತ್ತು, ದೋಣಿಯಿಂದಲೇ ಫೋನ್ ಮಾಡಿ ಬೆಲೆ ಇರುವ ದಡಕ್ಕೆ ತಿರುಗಿಸಬಹುದಾಯಿತು. ಮೊದಲು ದಿನಕ್ಕೆ ಹಿಡಿದ ಮೀನಿನಲ್ಲಿ ಶೇ. 5ರಿಂದ 8ರಷ್ಟು ವ್ಯರ್ಥವಾಗುತ್ತಿದ್ದುದು ಪೂರ್ತಿ ನಿಂತಿತು. ಮೀನುಗಾರರ ಲಾಭ ಶೇ. 8 ಏರಿತು, ಕೊಳ್ಳುವವರಿಗೆ ಬೆಲೆ ಶೇ. 4 ಇಳಿಯಿತು. ಇಬ್ಬರಿಗೂ ಒಳ್ಳೆಯದಾಗಿದ್ದು ಹೇಗೆ? ಚೆಲ್ಲಿಹೋಗುತ್ತಿದ್ದ ಮೀನು ಅಡುಗೆಮನೆಗೆ ಸೇರಿತು. ಉತ್ತರದಲ್ಲಿ ಈ ಸಾಲನ್ನು ಖಂಡಿತ ಬರೆಯಿರಿ. ಆರ್ಥಿಕ ಬೆಳವಣಿಗೆ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಒಂದು ಮಿತಿಯನ್ನೂ ಸೇರಿಸಿ. ಮುಂಗಡ ಹಣ ಪಡೆದು ಒಬ್ಬನೇ ವ್ಯಾಪಾರಿಗೆ ಕಟ್ಟುಬಿದ್ದವನಿಗೆ ಬೇರೆ ದಡದ ಬೆಲೆ ಗೊತ್ತಾದರೂ ಅಲ್ಲಿ ಮಾರುವ ಸ್ವಾತಂತ್ರ್ಯವಿಲ್ಲ. ಅದನ್ನು ಫೋನ್ ಬಿಡಿಸಲಾರದು, ಸಾಲದ ವ್ಯವಸ್ಥೆ ಬದಲಾಗಬೇಕು.

ಸಾಲದ ಮಾತು ಬಂದಾಗ ಮಾಹಿತಿ ಸುಲಭವಾಗಿ ಸಿಗುವುದು ಏಕೆ ಮುಖ್ಯ ಎಂದು ತಿಳಿಯಲು ನಮ್ಮ ರಾಜ್ಯದ ಜಮೀನು ದಾಖಲೆಗಳ ‘ಭೂಮಿ’ ಯೋಜನೆಯನ್ನು ಇದರ ಜೊತೆಗಿಟ್ಟು ಓದಿ. ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಬಂದವು. ಆರಂಭದಲ್ಲಿ ತಾಲ್ಲೂಕು ಕಚೇರಿಯ ಕಿಯೋಸ್ಕ್‌ನಲ್ಲಿ 15 ರೂಪಾಯಿಗೆ ಪ್ರತಿ ಸಿಗುತ್ತಿತ್ತು. ಬೆಳೆಸಾಲಕ್ಕೆ ಹೋದ ರೈತನನ್ನು ಬ್ಯಾಂಕಿನವರು ಮೊದಲು ಕೇಳುವುದು ಆ ಪಹಣಿಯನ್ನೇ.