ತಣ್ಣೀರು ಮುಟ್ಟಿದ್ದಕ್ಕೇ ಅಮ್ಮನ ಬೆರಳು ಬಿಗಿಯಾಯಿತೇ?

ಪ್ರಶ್ನೆ: ನಮ್ಮದು ಮಲ್ಲೇಶ್ವರದಲ್ಲಿ ಹೂವಿನ ವ್ಯಾಪಾರ. ಅಮ್ಮನಿಗೆ 43 ವರ್ಷ. ನಾಲ್ಕು ತಿಂಗಳಿಂದ ಬೆಳಿಗ್ಗೆ ಎದ್ದಾಗ ಎರಡೂ ಕೈಯ ಬೆರಳುಗಳನ್ನು ಮಡಚಲು ಆಗುತ್ತಿಲ್ಲ. ಗೆಣ್ಣುಗಳು ಊದಿಕೊಂಡಿವೆ. ಎಂಟು, ಒಂಬತ್ತು ಗಂಟೆಯಾದ ಮೇಲೆ ಸ್ವಲ್ಪ ಸಡಿಲವಾಗುತ್ತವೆ. ಬೆಳಗಿನ ಜಾವ ಚಳಿಯಲ್ಲಿ ಒದ್ದೆ ಹೂ ಕಟ್ಟಿ ಕಟ್ಟಿ ವಾಯು ಆಗಿದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಸಂಧಿವಾತ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿದೆವು, ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂತು. ಹಾಗಾದರೆ ಇದು ತಣ್ಣೀರಿನಿಂದಲೇ ಬಂದದ್ದಾ?

ಉತ್ತರ: ಅಲ್ಲ. ತಣ್ಣೀರು ಸಂಧಿವಾತ ತರುವುದಿಲ್ಲ, ಬೆಂಗಳೂರಿನ ಡಿಸೆಂಬರ್ ಚಳಿಯೂ ತರುವುದಿಲ್ಲ. ಮೊದಲೇ ಊದಿರುವ ಕೀಲಿಗೆ ತಂಪು ತಾಗಿದರೆ ನೋವು ಹೆಚ್ಚೆನಿಸಬಹುದು, ಅಷ್ಟೇ. ಈ ಮಾತನ್ನು ಇವತ್ತೇ ಅಮ್ಮನಿಗೆ ಹೇಳಿ. ನಮ್ಮ ದೊಡ್ಡಮ್ಮನ ಬೆರಳುಗಳು, ಗಾಳಿಗೆ ಒಂದೇ ಕಡೆ ವಾಲಿದ ಪೈರಿನಂತೆ, ಎಲ್ಲವೂ ಕಿರುಬೆರಳಿನ ಕಡೆಗೆ ವಾಲಿದ್ದವು. ಬಾಣಂತನದಲ್ಲಿ ತಣ್ಣೀರಲ್ಲಿ ಪಾತ್ರೆ ತೊಳೆದೆ, ಅದರ ಫಲ ಎಂದು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದರು. ಕಾಯಿಲೆಯ ನೋವಿನ ಮೇಲೆ ತಾನೇ ತಂದುಕೊಂಡೆ ಎಂಬ ಕೊರಗು ಬೇರೆ. ಅದು ನಿಮ್ಮ ಅಮ್ಮನಿಗೆ ಬೇಡ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ‘ನಾಲ್ಕು ತಿಂಗಳು’ ಎಂಬ ಮಾತು. ಪತ್ರ ಓದಿ ಯಾರೂ ಕಾಯಿಲೆ ಇಂಥದ್ದೇ ಎಂದು ಹೇಳಲಾಗದು. ಆದರೆ ನೀವು ವಿವರಿಸಿದ ರೀತಿಯ ಊತವನ್ನು ತಜ್ಞರು ಆರು ವಾರದೊಳಗೆ ನೋಡಬೇಕು, ಸಂಧಿವಾತವೆಂದು ಗೊತ್ತಾದರೆ ಮೂರು ತಿಂಗಳೊಳಗೆ ಔಷಧ ಶುರುವಾಗಬೇಕು ಎಂಬುದು ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟದ ಸಲಹೆ. ಮೂಳೆ ಸವೆಯಲು ಶುರುವಾಗುವುದು ಬಹಳ ಬೇಗ. ಒಮ್ಮೆ ಸವೆದ ಮೂಳೆಯನ್ನು ಯಾವ ಮಾತ್ರೆಯೂ ಮೊದಲಿನಂತೆ ಮಾಡುವುದಿಲ್ಲ.

ಗಂಟುನೋವು ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದರೊಳಗೆ ಎರಡು ದೊಡ್ಡ ಪಂಗಡಗಳಿವೆ. ಒಂದು ಸವೆತದ್ದು. ಅಜ್ಜಿಯ ಮಂಡಿ ಮೆಟ್ಟಿಲು ಹತ್ತುವಾಗ ನೋಯುತ್ತದೆ, ಕೂತರೆ ಕಡಿಮೆಯಾಗುತ್ತದೆ. ಬೆಳಗಿನ ಬಿಗಿತ ಇದ್ದರೂ ಹತ್ತು ಹದಿನೈದು ನಿಮಿಷಕ್ಕೆ ಬಿಡುತ್ತದೆ. ಇನ್ನೊಂದು ಉರಿಯೂತದ್ದು. ಇದರಲ್ಲಿ ವಿಶ್ರಾಂತಿ ಪಡೆದಷ್ಟೂ ಬಿಗಿ ಹೆಚ್ಚು, ಕೈ ಆಡಿಸಿದಂತೆ ಸಡಿಲ. ಬಿಗಿತ ಗಂಟೆಗಟ್ಟಲೆ ಇರುತ್ತದೆ. ಕೀಲು ಮುಟ್ಟಿದರೆ ಮೆತ್ತಗೆ, ಬೆಚ್ಚಗೆ ಊದಿರುತ್ತದೆ. ಈ ಎರಡನೆಯ ಪಂಗಡದಲ್ಲಿ ಬಹಳ ಜನರನ್ನು ಕಾಡುವುದು ರುಮಟಾಯ್ಡ್ ಆರ್ಥ್ರೈಟಿಸ್, ನಮ್ಮ ಕಡೆ ಆಮವಾತ ಎನ್ನುವುದುಂಟು. ನಾನು ಇಲ್ಲಿ ಸಂಧಿವಾತ ಎನ್ನುತ್ತಿರುವುದು ಇದನ್ನೇ. ಹೆಚ್ಚಾಗಿ ಎರಡೂ ಕೈಗೆ ಸಮನಾಗಿ ಬರುತ್ತದೆ. ಮಣಿಕಟ್ಟು, ಬೆರಳ ಬುಡದ ಗೆಣ್ಣು, ನಡುಗೆಣ್ಣು ಹಿಡಿಯುತ್ತದೆ, ಉಗುರಿನ ಪಕ್ಕದ ಗೆಣ್ಣನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಅಮ್ಮನ ಅಂಗೈಯನ್ನು ಕೈ ಕುಲುಕುವಾಗಿನಂತೆ ಅಡ್ಡಕ್ಕೆ ಮೆಲ್ಲಗೆ ಒತ್ತಿ ನೋಡಿ. ಅಷ್ಟಕ್ಕೇ ಅವರು ಕೈ ಎಳೆದುಕೊಂಡರೆ ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಇನ್ನು ಮನೆಯವರಿಗೆ ತಣ್ಣೀರಿನ ಮೇಲೆ ಅನುಮಾನ ಬಂದದ್ದು ಏಕೆ? ಅದಕ್ಕೂ ಕಾರಣವಿದೆ. ಇಂಟರ್‌ಲ್ಯೂಕಿನ್–6 ಎಂಬ ಉರಿಯೂತದ ರಾಸಾಯನಿಕವೊಂದು ಈ ರೋಗಿಗಳ ರಕ್ತದಲ್ಲಿ ರಾತ್ರಿ ಏರುತ್ತಾ ಹೋಗಿ ಬೆಳಗಿನ ಜಾವದ ಹೊತ್ತಿಗೆ ತುದಿ ಮುಟ್ಟುತ್ತದೆ. ಉರಿಯೂತವನ್ನು ಹದ್ದಿನಲ್ಲಿಡುವ ನಮ್ಮದೇ ಮೈಯ ಕಾರ್ಟಿಸೋಲ್ ಈ ಏರಿಕೆಗೆ ತಕ್ಕಷ್ಟು ಒದಗುವುದಿಲ್ಲ. ಬೆರಳು ಅತಿ ಬಿಗಿಯಾಗಿರುವ ಹೊತ್ತು ಅದೇ. ನಿಮ್ಮ ಅಮ್ಮ ಮಾರ್ಕೆಟ್ಟಿನಿಂದ ತಂದ ಮಲ್ಲಿಗೆ, ಕಾಕಡಕ್ಕೆ ನೀರು ಚಿಮುಕಿಸಿ ಮಾಲೆ ಕಟ್ಟಲು ಕೂರುವ ಹೊತ್ತೂ ಅದೇ. ನೋವೂ ತಣ್ಣೀರೂ ಒಂದೇ ಗಳಿಗೆಯಲ್ಲಿ ಎದುರಾಗುವುದರಿಂದ ಒಂದರಿಂದ ಇನ್ನೊಂದು ಬಂತು ಎಂದು ಅನಿಸುವುದು ಸಹಜ. ಮನೆಯವರು ಕಂಡದ್ದು ಸುಳ್ಳಲ್ಲ, ಕಾರಣ ಮಾತ್ರ ಬೇರೆ.

ಈಗ ಆ ನೆಗೆಟಿವ್ ವರದಿ. ಆರ್‌ಎ ಫ್ಯಾಕ್ಟರ್ ಹಳೆಯ ಪರೀಕ್ಷೆ. ನಾರ್ವೆಯ ಎರಿಕ್ ವಾಲರ್ 1940ರಲ್ಲಿ ಅದರ ಬಗ್ಗೆ ಬರೆದರು. ಅಮೆರಿಕದಲ್ಲಿ ಹ್ಯಾರಿ ರೋಸ್ ಮತ್ತು ಸಂಗಡಿಗರು 1948ರಲ್ಲಿ ಅದನ್ನೇ ಬೇರೆಯಾಗಿ ಕಂಡುಕೊಂಡರು. ಅದು ಹುಡುಕುವುದು ನಮ್ಮದೇ ಪ್ರತಿಕಾಯಗಳ (ಸೋಂಕನ್ನು ಎದುರಿಸಲು ಮೈ ತಯಾರಿಸುವ ಪ್ರೋಟೀನುಗಳ) ಮೇಲೆ ತಿರುಗಿಬಿದ್ದ ಇನ್ನೊಂದು ಪ್ರತಿಕಾಯವನ್ನು. ಈ ಕಾಯಿಲೆ ಇರುವವರಲ್ಲಿ 100ಕ್ಕೆ 70ರಿಂದ 80 ಜನರಲ್ಲಿ ಸಿಗುತ್ತದೆ, ಉಳಿದವರಲ್ಲಿ ಸಿಗುವುದೇ ಇಲ್ಲ. ಶುರುವಿನ ತಿಂಗಳುಗಳಲ್ಲಿ ನೆಗೆಟಿವ್ ಬರುವುದು ಇನ್ನೂ ಹೆಚ್ಚು. ಅತ್ತ, ಯಾವ ಕೀಲುನೋವೂ ಇಲ್ಲದ ವಯಸ್ಸಾದವರಲ್ಲಿ, ಹೆಪಟೈಟಿಸ್ ಸಿ ಸೋಂಕು ಇದ್ದವರಲ್ಲಿ ಪಾಸಿಟಿವ್ ಬರಬಹುದು. ಹಾಗಾಗಿ ಈ ಒಂದು ಕಾಗದ ನೋಡಿ ಸಂಧಿವಾತ ಇಲ್ಲ ಎಂದು ತೀರ್ಮಾನಿಸಿದ್ದು ಸರಿಯಲ್ಲ. ನಿಮ್ಮದು ತಪ್ಪು ಎನ್ನುತ್ತಿಲ್ಲ. ಲ್ಯಾಬ್ ವರದಿಯಲ್ಲಿ ನೆಗೆಟಿವ್ ಎಂದು ಕಂಡರೆ ಯಾರಿಗಾದರೂ ನಿರಾಳವಾಗುತ್ತದೆ.

ಇದಕ್ಕಿಂತ ನಿಖರವಾದ ಪರೀಕ್ಷೆ ಆ್ಯಂಟಿ–ಸಿಸಿಪಿ. ಇದರ ಹಿಂದಿನ ಕತೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಾಯಿಲೆಯ ಕಾರಣಕ್ಕೆ ಸಿಕ್ಕ ಒಳ್ಳೆಯ ಸುಳಿವು ಇಲ್ಲೇ ಇದೆ. ನಮ್ಮ ಪ್ರೋಟೀನುಗಳು ಅಮೈನೋ ಆಮ್ಲಗಳನ್ನು ಹೂವಿನಂತೆ ಒಂದರ ಪಕ್ಕ ಒಂದು ಪೋಣಿಸಿದ ಮಾಲೆಗಳು. ಉರಿಯೂತ ಇರುವ ಜಾಗದಲ್ಲಿ ಒಂದು ಕಿಣ್ವ ಬಂದು, ಮಾಲೆಯಲ್ಲಿರುವ ಆರ್ಜಿನೈನ್ ಎಂಬುದನ್ನು ಸಿಟ್ರುಲಿನ್ ಆಗಿ ಬದಲಾಯಿಸುತ್ತದೆ. ಸಿಟ್ರುಲಿನ್‌ಗೆ ಆ ಹೆಸರು ಬಂದದ್ದು ಕಲ್ಲಂಗಡಿಯ ಲ್ಯಾಟಿನ್ ಹೆಸರಿನಿಂದ, ಮೊದಲು ಸಿಕ್ಕಿದ್ದೂ ಆ ಹಣ್ಣಿನಲ್ಲೇ. (ಕಲ್ಲಂಗಡಿ ತಿಂದರೆ ಸಂಧಿವಾತ ಬರುತ್ತದೆ ಎಂದು ಅರ್ಥವಲ್ಲ, ಧಾರಾಳವಾಗಿ ತಿನ್ನಿ.) ಈ ಬದಲಾವಣೆ ಎಲ್ಲರ ಮೈಯಲ್ಲೂ ಆಗುತ್ತಿರುತ್ತದೆ. ಕೆಲವರ ರೋಗನಿರೋಧಕ ವ್ಯವಸ್ಥೆ ಮಾತ್ರ ಹಾಗೆ ಬದಲಾದ ಮಾಲೆಯನ್ನು ಪರಕೀಯ ಎಂದು ತಿಳಿದು ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ನೆದರ್‌ಲೆಂಡ್ಸ್‌ನ ವಿಜ್ಞಾನಿಗಳು 1998ರಲ್ಲಿ ಇದನ್ನು ತೋರಿಸಿದರು, ಪರೀಕ್ಷೆ ಬಂದದ್ದು ಅದರ ಬೆನ್ನಿಗೆ. ಇದು ಪಾಸಿಟಿವ್ ಬಂದರೆ ಕಾಯಿಲೆ ಇದೇ ಎಂಬುದಕ್ಕೆ ಬಲವಾದ ಆಧಾರ. ನೆಗೆಟಿವ್ ಬಂದರೆ ಇದೂ ಕಾಯಿಲೆಯನ್ನು ಪೂರ್ತಿ ತಳ್ಳಿಹಾಕುವುದಿಲ್ಲ.

ಈ ಪ್ರತಿಕಾಯಗಳು ಹುಟ್ಟುವುದು ಯಾವಾಗ ಎಂದು ಹುಡುಕಲು ನೆದರ್‌ಲೆಂಡ್ಸ್‌ನ ಇನ್ನೊಂದು ತಂಡ ರಕ್ತನಿಧಿಗೆ ಹೋಯಿತು. ಹಿಂದೆ ರಕ್ತದಾನ ಮಾಡಿ, ಮುಂದೆ ಸಂಧಿವಾತ ಬಂದ 79 ಜನರ ಹಳೆಯ ಮಾದರಿಗಳನ್ನು ತೆಗೆದು ನೋಡಿದರು. ಸುಮಾರು ಅರ್ಧದಷ್ಟು ಜನರಲ್ಲಿ, ನೋವು ಕಾಣಿಸಿಕೊಳ್ಳುವ ವರ್ಷಗಳ ಮೊದಲೇ ಆರ್‌ಎ ಫ್ಯಾಕ್ಟರ್ ಅಥವಾ ಆ್ಯಂಟಿ–ಸಿಸಿಪಿ ಇತ್ತು. ಸರಾಸರಿ ಹೇಳುವುದಾದರೆ ನಾಲ್ಕೂವರೆ ವರ್ಷ ಮೊದಲು. 2004ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಿಮ್ಮ ಮನೆಯ ಮಾತಿನ ಪಕ್ಕದಲ್ಲಿಟ್ಟು ನೋಡಿ. ಹೋದ ಚಳಿಗಾಲದ ತಣ್ಣೀರಿಗೂ, ಎಷ್ಟೋ ವರ್ಷ ಹಿಂದೆ ರಕ್ತದಲ್ಲಿ ಸದ್ದಿಲ್ಲದೆ ಶುರುವಾದದ್ದಕ್ಕೂ ಎಲ್ಲಿಯ ನಂಟು?

ಹಾಗಾದರೆ ಮೊದಲು ಶುರುವಾಗುವುದು ಎಲ್ಲಿ? ಕೀಲಿನಲ್ಲಿ ಅಲ್ಲದೆಯೂ ಇರಬಹುದು ಎಂಬುದು ಇಂದಿನ ಸಂಶೋಧಕರ ಬಲವಾದ ಅನುಮಾನ. ಶ್ವಾಸಕೋಶ, ವಸಡು, ಕರುಳು, ಈ ಮೂರರ ಒಳಪೊರೆಗಳತ್ತ ಅವರ ಬೆರಳು ತೋರುತ್ತಿದೆ. ಶ್ವಾಸಕೋಶದ ಬಗ್ಗೆ ಪುರಾವೆ ಗಟ್ಟಿಯಾಗಿದೆ. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಲಾರ್ಸ್ ಕ್ಲಾರೆಸ್ಕೋಗ್ ತಂಡ 2006ರಲ್ಲಿ ತೋರಿಸಿದ್ದು ಇದು: ಈ ಕಾಯಿಲೆಗೆ ಒಗ್ಗುವ ಒಂದು ಬಗೆಯ ಜೀನನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದು, ಜೊತೆಗೆ ಸಿಗರೇಟನ್ನೂ ಸೇದಿದವರಿಗೆ, ಎರಡೂ ಇಲ್ಲದವರಿಗಿಂತ, ಸಿಟ್ರುಲಿನ್ ವಿರುದ್ಧದ ಪ್ರತಿಕಾಯವಿರುವ ಸಂಧಿವಾತದ ಅಪಾಯ 21 ಪಟ್ಟು. ಸಿಗರೇಟಿನ ಹೊಗೆ ಶ್ವಾಸಕೋಶದಲ್ಲಿ ಆ ಬದಲಾವಣೆಯನ್ನು ಹೆಚ್ಚಿಸುತ್ತದೆ. ಕಲ್ಲು ಕೊರೆಯುವವರು ಉಸಿರಾಡುವ ಸಿಲಿಕಾ ದೂಳಿಗೂ ಸಂಬಂಧ ಕಂಡುಬಂದಿದೆ. ನಮ್ಮೂರಲ್ಲಿ ಗ್ರಾನೈಟ್ ಕತ್ತರಿಸುವವರು ಮೂಗಿಗೆ ಬರೀ ಟವೆಲ್ ಸುತ್ತಿಕೊಂಡು ಕೂತಿರುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇನ್ನು ವಸಡಿನ ಕಾಯಿಲೆ ತರುವ ಪೋರ್ಫಿರೋಮೋನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾ ಆರ್ಜಿನೈನನ್ನು ಸಿಟ್ರುಲಿನ್ ಆಗಿ ಬದಲಾಯಿಸುವ ಅಂಥದೇ ಕಿಣ್ವವೊಂದನ್ನು ತಾನೇ ತಯಾರಿಸಬಲ್ಲದು. ಕರುಳಿನ ವಿಷಯದಲ್ಲಿ, ಹೊಸದಾಗಿ ಕಾಯಿಲೆ ಬಂದವರಲ್ಲಿ ಪ್ರಿವೊಟೆಲ್ಲಾ ಕೋಪ್ರಿ ಎಂಬ ಸೂಕ್ಷ್ಮಾಣು ಹೆಚ್ಚಾಗಿರುವುದನ್ನು ನ್ಯೂಯಾರ್ಕಿನ ಸಂಶೋಧಕರು 2013ರಲ್ಲಿ ವರದಿ ಮಾಡಿದರು. ಈ ಕೊನೆಯ ಎರಡರಲ್ಲಿ ನಂಟು ಕಂಡಿದೆ, ಅವೇ ಕಾರಣ ಎಂದು ಸಾಬೀತಾಗಿಲ್ಲ. ಆದರೂ ವಸಡಿನಲ್ಲಿ ರಕ್ತ ಬರುತ್ತಿದ್ದರೆ ದಂತವೈದ್ಯರನ್ನು ಕಾಣುವುದರಿಂದ ನಷ್ಟವೇನಿಲ್ಲ.

‘ಅಮ್ಮನಿಗೆ ಬಂದದ್ದು ನನಗೂ ಬರುತ್ತದಾ?’ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇರಬಹುದು. ಒಂದೇ ಜೀನುಗಳಿರುವ ಅವಳಿಗಳಲ್ಲೇ, ಒಬ್ಬರಿಗೆ ಸಂಧಿವಾತ ಬಂದಾಗ ಇನ್ನೊಬ್ಬರಿಗೂ ಬಂದದ್ದು 100ಕ್ಕೆ ಸುಮಾರು 15 ಜೋಡಿಗಳಲ್ಲಿ ಮಾತ್ರ ಎಂದು ಬ್ರಿಟನ್ನಿನ ಅಧ್ಯಯನವೊಂದು ಹೇಳುತ್ತದೆ. ಮಗಳಿಗೆ ಅಪಾಯ ಉಳಿದವರಿಗಿಂತ ಹೆಚ್ಚು, ನಿಜ. ಆದರೂ ಹೆಚ್ಚಿನವರಿಗೆ ಬರುವುದಿಲ್ಲ.

ಕೀಲಿನೊಳಗೆ ನಡೆಯುವುದು ಹೀಗೆ. ಅದರ ಒಳಪೊರೆ ಒಂದೆರಡು ಕೋಶಗಳಷ್ಟೇ ದಪ್ಪದ್ದು. ಉರಿಯೂತ ಬಂದಾಗ ಅದು ದಪ್ಪಗಾಗಿ, ಕಳೆಯಂತೆ ಹಬ್ಬಿ, ಮೃದ್ವಸ್ಥಿಯನ್ನೂ ಮೂಳೆಯ ಅಂಚನ್ನೂ ಕೊರೆಯುತ್ತದೆ. ಈ ಕೊರೆತಕ್ಕೆ ಕುಮ್ಮಕ್ಕು ಕೊಡುವ ರಾಸಾಯನಿಕಗಳಲ್ಲಿ ಮುಖ್ಯವಾದದ್ದು ಟಿಎನ್‌ಎಫ್ ಎಂದು ಲಂಡನ್ನಿನಲ್ಲಿ ಕಂಡುಕೊಂಡವರು ಮಾರ್ಕ್ ಫೆಲ್ಡ್‌ಮನ್ ಮತ್ತು ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ. 1992ರಲ್ಲಿ ಅದನ್ನು ತಡೆಯುವ ಔಷಧವನ್ನು ಮೊದಲ ರೋಗಿಗಳಿಗೆ ಕೊಟ್ಟರು. ಇಂದು ‘ಬಯಾಲಜಿಕ್’ ಎಂದು ಡಾಕ್ಟರು ಹೇಳುವ ಇಂಜೆಕ್ಷನ್‌ಗಳು ಈ ಕಾಯಿಲೆಗೆ ಬಂದದ್ದು ಆ ದಾರಿಯಲ್ಲಿ. ಎಲ್ಲರಿಗೂ ಅವು ಬೇಕಾಗುವುದಿಲ್ಲ. ಸಾಮಾನ್ಯವಾಗಿ ಮೊದಲು ಕೊಡುವುದು ಮೆಥೊಟ್ರೆಕ್ಸೇಟ್ ಎಂಬ ಹಳೆಯ, ಅಗ್ಗದ ಮಾತ್ರೆ. ಇದನ್ನು ನಿಮ್ಮ ಅಮ್ಮನಿಗೆ ಬರೆದುಕೊಟ್ಟರೆ ಒಂದು ಮಾತು ನೆನಪಿಡಿ: ಅದು ವಾರಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆ. ತಪ್ಪಿ ದಿನಾ ನುಂಗಿದರೆ ಮೂಳೆಮಜ್ಜೆಗೆ ಪೆಟ್ಟು ಬಿದ್ದು ಜೀವಕ್ಕೇ ಕುತ್ತು. ವಾರದ ಯಾವ ದಿನ ಎಂದು ಡಾಕ್ಟರನ್ನು ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಇನ್ನೊಂದು ಎಚ್ಚರ. ‘ಮೂರೇ ದಿನಕ್ಕೆ ವಾಯು ಮಾಯ’ ಎಂದು ಲೇಬಲ್ ಇಲ್ಲದ ಪುಡಿ, ಗುಳಿಗೆ ಮಾರುವವರು ಈ ಊರಿನಲ್ಲೂ ಇದ್ದಾರೆ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ನೋವನ್ನು ಬೇಗ ಇಳಿಸುವುದು ಸ್ಟೀರಾಯ್ಡಿನ ಗುಣ. ಕಾಮಾಲೆ ಬಂದಾಗ, ಬಸಿರಾದಾಗ ಸಂಧಿವಾತದ ನೋವು ತಾನಾಗಿ ಇಳಿಯುವುದನ್ನು ಗಮನಿಸಿದ ಅಮೆರಿಕದ ಫಿಲಿಪ್ ಹೆಂಚ್, ಮೈಯೊಳಗೇ ಯಾವುದೋ ಪರಿಹಾರ ಇದೆ ಎಂದು ವರ್ಷಗಟ್ಟಲೆ ಹುಡುಕಿದರು. 1948ರಲ್ಲಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ಹಾಸಿಗೆ ಹಿಡಿದಿದ್ದವರು ಕೆಲವೇ ದಿನಗಳಲ್ಲಿ ಎದ್ದು ನಡೆದರು. 1950ರಲ್ಲಿ ನೊಬೆಲ್ ಬಂತು. ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ಕಾಲ ಕೊಟ್ಟಾಗ ಮುಖ ಊದುವುದು, ಮೂಳೆ ಟೊಳ್ಳಾಗುವುದು, ಸಕ್ಕರೆ ಏರುವುದು ಬೆನ್ನಲ್ಲೇ ಕಂಡಿತು. ಡಾಕ್ಟರ ಕೈಯಲ್ಲಿ ಅಳತೆ ಮಾಡಿ ಸ್ವಲ್ಪ ದಿನ ಕೊಟ್ಟರೆ ಅದು ಆಸರೆ. ಹೆಸರಿಲ್ಲದ ಪೊಟ್ಟಣದಲ್ಲಿ ಬಂದರೆ ಅದು ಅಮ್ಮನ ನೋವನ್ನು ಮುಚ್ಚಿಟ್ಟು, ಸಿಗಬೇಕಾದ ಚಿಕಿತ್ಸೆಯನ್ನು ಇನ್ನಷ್ಟು ದೂರ ಮಾಡುತ್ತದೆ.

ಇತ್ತೀಚಿನ ಒಂದು ಸಂಗತಿ ನನಗೆ ತುಂಬ ಭರವಸೆ ತಂದಿದೆ. ಪ್ರತಿಕಾಯಗಳಿದ್ದು, ಕೀಲುನೋವಿದ್ದು, ಇನ್ನೂ ಊತ ಬಂದಿರದ ಜನರಿಗೆ ಅಬಟಾಸೆಪ್ಟ್ ಎಂಬ ಔಷಧವನ್ನು ಒಂದು ವರ್ಷ ಕೊಟ್ಟ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ವರ್ಷದ ಕೊನೆಗೆ, ಹುಸಿಮದ್ದು ಪಡೆದವರಲ್ಲಿ 100ಕ್ಕೆ 29 ಜನರಿಗೆ ಸಂಧಿವಾತ ಬಂದಿತ್ತು, ಔಷಧ ಪಡೆದವರಲ್ಲಿ 6 ಜನರಿಗೆ. ಔಷಧ ನಿಂತ ಮೇಲೆ ಅಂತರ ಕಡಿಮೆಯಾಯಿತು. ಹಾಗಾಗಿ ಇದು ಸದ್ಯಕ್ಕೆ ಮುಂದೂಡಿಕೆ, ತಡೆಗಟ್ಟುವಿಕೆ ಎನ್ನಲಾಗದು.

ಈಗ ನಿಮ್ಮ ಕೆಲಸ. ಸಂಧಿವಾತ ತಜ್ಞರನ್ನು, ಅಂದರೆ ರುಮಟಾಲಜಿಸ್ಟ್ ಅವರನ್ನು ಕಾಣಿ. ಮೂಳೆ ಡಾಕ್ಟರೂ ಇವರೂ ಬೇರೆ ಬೇರೆ. ಹಳೆಯ ವರದಿಯನ್ನು ಜೊತೆಗೆ ಒಯ್ಯಿರಿ. ನೋವು ಶುರುವಾಗುವ ಮೊದಲು ಅಮ್ಮನಿಗೆ ಜ್ವರ ಬಂದಿತ್ತೇ ನೆನಪು ಮಾಡಿಕೊಳ್ಳಿ, ಏಕೆಂದರೆ ಚಿಕೂನ್‌ಗುನ್ಯಾ ಬಿಟ್ಟುಹೋಗುವ ಕೀಲುನೋವು ತಿಂಗಳುಗಟ್ಟಲೆ ಇದ್ದು ಸಂಧಿವಾತವನ್ನೇ ಹೋಲುತ್ತದೆ. 2006ರಲ್ಲಿ ಕರ್ನಾಟಕದ ಊರೂರೂ ಅದನ್ನು ಕಂಡಿದೆ. ಚರ್ಮದಲ್ಲಿ ಹೊಟ್ಟು ಏಳುವ ಸೋರಿಯಾಸಿಸ್ ಇದ್ದರೆ ಅದನ್ನೂ ಹೇಳಿ, ಅದರ ಜೊತೆ ಬರುವ ಉರಿಯೂತವೇ ಬೇರೆ. ಮತ್ತೆ, ಒಪಿಡಿಯಲ್ಲಿ ನಿಮ್ಮ ಸರದಿ ಬರುವ ಹೊತ್ತಿಗೆ ಬೆರಳು ಸಡಿಲವಾಗಿ, ಊತ ಇಳಿದಿರಬಹುದು. ಅದಕ್ಕೇ ನಾಳೆ ಬೆಳಿಗ್ಗೆ, ಅಮ್ಮ ಎದ್ದ ಕೂಡಲೇ, ಬುಟ್ಟಿಗೆ ಕೈ ಹಾಕುವ ಮೊದಲು, ಎರಡೂ ಕೈಯನ್ನು ಮುಷ್ಟಿ ಹಿಡಿಯಲು ಹೇಳಿ. ಎಷ್ಟು ಮಡಚುತ್ತದೋ ಅಷ್ಟಕ್ಕೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.