ಅರ್ಥ ಕೇಳುವ ಮೊದಲು ಜಾಗ ನೋಡಿ: ಅಲ್ಬೇನಿಯನ್ನರ ಕುಲ್ಲಾ ಮನೆಗಳ ಅಲಂಕಾರ

ಉತ್ತರ ಅಲ್ಬೇನಿಯಾದ ಬೆಟ್ಟಸೀಮೆಯಲ್ಲೂ ಅದರ ಪಕ್ಕದ ಪಶ್ಚಿಮ ಕೊಸೊವೊದ ದುಕಾಜಿನ್ ಬಯಲಿನಲ್ಲೂ ಹಳ್ಳಿಯ ಕೂಡುಕುಟುಂಬಗಳು ಕಟ್ಟಿಕೊಂಡ ಗೋಪುರದಂಥ ಕಲ್ಲುಮನೆಗೆ ಕುಲ್ಲಾ ಎಂದು ಹೆಸರು. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ದನಕರುಗಳ ಕೊಟ್ಟಿಗೆ, ನಡುವೆ ಸಂಸಾರ, ಮೇಲೆ ಗಂಡಸರೂ ಅತಿಥಿಗಳೂ ಕೂರುವ ಓಡಾ. ಈಗ ಉಳಿದಿರುವವುಗಳಲ್ಲಿ ಹೆಚ್ಚಿನವು 18ನೇ ಶತಮಾನದಿಂದ 20ನೇ ಶತಮಾನದ ಆರಂಭದವರೆಗೆ ಎದ್ದವು. ದೂರದಿಂದ ನೋಡಿದರೆ ಬೋಳು ಗೋಡೆ, ಅಲ್ಲೊಂದು ಇಲ್ಲೊಂದು ಕಿಂಡಿ, ಅಷ್ಟೆ. ಬಾಗಿಲ ಹತ್ತಿರ ಬಂದಾಗ ಕಮಾನಿನ ಕಲ್ಲುಗಳ ಮೇಲೆ ಸೂರ್ಯ, ಆರೆಸಳಿನ ಹೂವು, ಅರ್ಧಚಂದ್ರ, ಹಾವು, ಹಕ್ಕಿ, ಕೆಲವೊಮ್ಮೆ ಕಟ್ಟಿದ ವರ್ಷ ಕೂಡ ಕಾಣುತ್ತದೆ.

ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಈ ಮನೆಗಳ ಚಿತ್ರ ತೋರಿಸಿದಾಗೆಲ್ಲ ಮೊದಲು ಬರುವ ಪ್ರಶ್ನೆ, "ಈ ಸೂರ್ಯನ ಅರ್ಥ ಏನು?" ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ ಎನ್ನುತ್ತೇನೆ. ಹಳೆಯ ಕಲ್ಲು-ಗಾರೆಯ ಮನೆಗಳ ಸಂರಕ್ಷಣೆ ನನ್ನ ಕಸುಬು. ಯಾವ ಮನೆಯಾದರೂ ಮುಂಭಾಗದ ನಕ್ಷೆ ಬರೆದುಕೊಂಡು, ಅಲಂಕಾರ ಎಲ್ಲಿದೆ, ಎಲ್ಲಿಲ್ಲ ಎಂದು ಬಣ್ಣದ ಪೆನ್ಸಿಲಿನಲ್ಲಿ ಗುರುತು ಹಾಕುವುದು ನನ್ನ ಮೊದಲ ಕೆಲಸ. ಕುಲ್ಲಾದ ಮಟ್ಟಿಗೆ ಆ ಗುರುತುಗಳೇ ಅರ್ಧ ಕಥೆ ಹೇಳಿಬಿಡುತ್ತವೆ.

ಕೊಟ್ಟಿಗೆಯ ಮಟ್ಟದಲ್ಲಿ ಬಾಗಿಲು ಬಿಟ್ಟರೆ ಗಾಳಿಗೆಂದು ಬಿಟ್ಟ ಸೀಳುಗಳ ಹೊರತು ಏನೂ ಇಲ್ಲ. ನಡುವಿನ ಅಂತಸ್ತಿನಲ್ಲಿ ಬಂದೂಕಿನ ನಳಿಗೆ ತೂರುವಷ್ಟೇ ಅಗಲದ ಕಿಂಡಿಗಳು. ಹೊರಗೆ ಕಿರಿದಾಗಿ ಒಳಕ್ಕೆ ಅಗಲವಾಗುತ್ತ ಹೋಗುವುದರಿಂದ ಒಳಗಿನವನಿಗೆ ಹೊರಗಿನದೆಲ್ಲ ಕಾಣುತ್ತದೆ, ಹೊರಗಿನವನಿಗೆ ಏನೂ ಕಾಣದು. ಇವುಗಳ ಸುತ್ತ ಉಳಿಯ ಒಂದು ಗೆರೆಯೂ ಇಲ್ಲ. ಗೋಡೆಯ ಮೈ ಒರಟು ಕಲ್ಲಿನದು. ನಯವಾಗಿ ಕಡೆದ ಕಲ್ಲು ಮೂಲೆಗಳಿಗೆ, ಬಾಗಿಲಿಗೆ, ಮೇಲಂತಸ್ತಿನ ಕಿಟಕಿಗಳಿಗೆ ಮಾತ್ರ ಮೀಸಲು. ಮೂಲೆಗಲ್ಲು ಗಟ್ಟಿತನಕ್ಕಾಗಿ. ಕೆತ್ತನೆ ಇರುವುದು ಬಾಗಿಲಲ್ಲಿ ಮತ್ತು ಓಡಾದ ಕಮಾನು ಕಿಟಕಿಗಳಲ್ಲಿ. ಕೆಲವು ಕುಲ್ಲಾಗಳಲ್ಲಿ ಓಡಾದಿಂದ ಹೊರಚಾಚಿದ ಮರದ ಮೊಗಸಾಲೆಯೂ ಉಂಟು. ಕಲ್ಲಿನ ಪೆಟ್ಟಿಗೆಯಂಥ ಮನೆ ಅಲ್ಲಿ ಮಾತ್ರ ಹಗುರಾಗುತ್ತದೆ.

ಈ ಹಂಚಿಕೆಯ ಕಾರಣ ಬೆಟ್ಟದ ಕಟ್ಟಳೆಯಲ್ಲಿದೆ. ಲೆಕ ದುಕಾಜಿನಿ ಎಂಬ ಹಳೆಯ ನಾಯಕನ ಹೆಸರಿನಲ್ಲಿ ಬಾಯಿಂದ ಬಾಯಿಗೆ ಬಂದ ಕನೂನನ್ನು, ಎಂದರೆ ಆ ಕಟ್ಟಳೆಯನ್ನು, ಶ್ಟ್ಯೆಫೆನ್ ಜೆಚೋವಿ ಎಂಬ ಫ್ರಾನ್ಸಿಸ್ಕನ್ ಪಾದ್ರಿ ಊರೂರು ಸುತ್ತಿ ಬರೆದುಕೊಂಡರು. ಅವರು 1929ರಲ್ಲಿ ಕೊಲೆಯಾದರು. ಸಂಗ್ರಹ ಪುಸ್ತಕವಾಗಿ ಹೊರಬಂದದ್ದು 1933ರಲ್ಲಿ, ಶ್ಕೋದ್ರಾದಲ್ಲಿ. ಅಲ್ಬೇನಿಯನ್ನನ ಮನೆ ದೇವರದು ಮತ್ತು ಅತಿಥಿಯದು ಎನ್ನುತ್ತದೆ ಆ ಕಟ್ಟಳೆ. ಬಂದವನಿಗೆ ರೊಟ್ಟಿ, ಉಪ್ಪು, ತೆರೆದ ಮನಸ್ಸು ಕೊಡಬೇಕು. ಅವನ ಆಯುಧವನ್ನು ಮನೆಯವನೇ ಇಸಿದುಕೊಂಡು ತೂಗುಹಾಕಬೇಕು. ತನ್ನ ಆಶ್ರಯದಲ್ಲಿರುವಷ್ಟು ಕಾಲ ಅವನ ಜೀವಕ್ಕೆ ಹೊಣೆಯಾಗಬೇಕು. ರಕ್ತಕ್ಕೆ ರಕ್ತ ಎನ್ನುವ ವೈರದ ನಿಯಮಗಳೂ ಅದೇ ಕಟ್ಟಳೆಯಲ್ಲಿವೆ. ಹಾಗಾಗಿ ಒಂದೇ ಮನೆಗೆ ಎರಡು ಕರ್ತವ್ಯ: ವೈರಿಗೆ ಮುಚ್ಚಿರಬೇಕು, ಅತಿಥಿಗೆ ತೆರೆದಿರಬೇಕು. ಮುಚ್ಚುವ ಭಾಗಕ್ಕೆ ಅಲಂಕಾರವಿಲ್ಲ. ತೆರೆಯುವ ಭಾಗದ ಮೇಲೆ ಕುಟುಂಬ ತನ್ನ ಹಣವನ್ನೂ ಮರ್ಯಾದೆಯನ್ನೂ ಸುರಿಯಿತು. ಅತಿಥಿ ಹಾಯ್ದುಬರುವ ಜಾಗಗಳ ಸಾಲೊಂದನ್ನು ಬರೆದರೆ ಕೆತ್ತನೆಯ ನಕ್ಷೆ ತಾನಾಗಿ ಸಿಗುತ್ತದೆ. ಹಲವು ಕುಲ್ಲಾಗಳಲ್ಲಿ ಅವನು ಸಂಸಾರದ ಅಂತಸ್ತಿಗೆ ಕಾಲಿಡದೆ ಬೇರೆ ಮೆಟ್ಟಿಲಿನಿಂದ ನೇರ ಓಡಾಕ್ಕೆ ಏರುತ್ತಾನೆ. ಥೆಥ್ ಹಳ್ಳಿಯಲ್ಲಿ ವೈರಕ್ಕೆ ಸಿಕ್ಕಿದ ಗಂಡಸರು ಅಡಗಿ ಕೂರುತ್ತಿದ್ದ ಗೋಪುರವೊಂದು ಇಂದು ವಸ್ತುಸಂಗ್ರಹಾಲಯವಾಗಿದೆ. ಸೀಳುಗಿಂಡಿಗಳ ಆ ಕಟ್ಟಡ ಮುಚ್ಚುವ ಕೆಲಸಕ್ಕೆಂದೇ ಇದ್ದದ್ದು, ನೋಡಲು ಅಷ್ಟೇ ಬೋಳು.

ಓಡಾದ ಒಳಗೆ ಬಂದರೆ ಕಲ್ಲಿನ ಕೆಲಸ ಮುಗಿದು ಮರದ ಕೆಲಸ ಶುರು. ಗೋಡೆಯ ನಡುವೆ ಬೆಂಕಿಗೂಡು, ಅದರ ಮೇಲೆ ಹೊಗೆ ಹಿಡಿಯುವ ಗೊಪ್ಪೆ. ಬೆಂಕಿಯ ಪಕ್ಕದ ಜಾಗ ಅತಿಥಿಗೆ, ಹಿರಿಯರಿಗೆ. ವಯಸ್ಸು ಇಳಿದಂತೆ ಕೂರುವ ಜಾಗ ಬಾಗಿಲ ಕಡೆಗೆ ಸರಿಯುತ್ತದೆ, ಬಡಿಸುವ ಹುಡುಗ ಬಾಗಿಲಲ್ಲೇ ನಿಲ್ಲುತ್ತಾನೆ. ಗೋಡೆಗೂಡುಗಳಿಗೆ ಕೆತ್ತನೆಯ ಕದ, ಬಂದೂಕಿಗೂ ಒಂಟಿ ತಂತಿಯ ಲಾಹುತಾ ವಾದ್ಯಕ್ಕೂ ಗೂಟ. ಆದರೆ ಬಡಗಿಯ ಕೈಚಳಕವೆಲ್ಲ ಹೋಗಿ ಸೇರಿರುವುದು ಮಾಳಿಗೆಯ ತಳದಲ್ಲಿ, ಎಂದರೆ ತಲೆಯ ಮೇಲಿನ ಹಲಗೆಯಲ್ಲಿ. ಹಲಗೆಗಳ ಮೇಲೆ ಪಟ್ಟಿ ಹೊಡೆದು ಮಾಡಿದ ಚೌಕಗಳು, ನಟ್ಟನಡುವೆ ಕಿರಣ ಚಾಚಿದ ಸೂರ್ಯನಂಥ ಹೂವು. ಇದು ಯಾಕೆ ಮೇಲೆ? ಕುರ್ಚಿ ಮೇಜುಗಳಿಲ್ಲದ ಕೋಣೆ ಇದು. ಎಲ್ಲರೂ ನೆಲದ ಹಾಸಿನ ಮೇಲೆ ಗೋಡೆಗೊರಗಿ, ಚಳಿಗಾಲದ ಇಡೀ ರಾತ್ರಿ ವೀರರ ಹಾಡು ಕೇಳುತ್ತ ಕೂರುತ್ತಾರೆ. ಅಷ್ಟು ತಗ್ಗಿನಲ್ಲಿ ಕೂತವನ ಕಣ್ಣಿಗೆ ಕೋಣೆಯಲ್ಲಿ ಅತಿ ದೊಡ್ಡ ಮೇಲ್ಮೈ ಎಂದರೆ ಮೇಲಿನ ಹಲಗೆಯೇ. ಈ ಕೋಣೆಯನ್ನು ನಿಂತುಕೊಂಡು ಫೋಟೊ ತೆಗೆದವರಿಗೆ ಅದರ ಅಳತೆ ಎಂದೂ ದಕ್ಕುವುದಿಲ್ಲ. ಕ್ಯಾಮೆರಾ ನೆಲದಿಂದ ಎರಡೂವರೆ ಅಡಿಯಲ್ಲಿರಬೇಕು.

ಈಗ ಅರ್ಥದ ಪ್ರಶ್ನೆ. ಸೂರ್ಯನ ಕೆತ್ತನೆ ಕಂಡ ಕೂಡಲೇ ಬಾಲ್ಕನ್ ಸೀಮೆಯ ಪ್ರಾಚೀನ ಜನರಾದ ಇಲಿರಿಯನ್ನರ ಕಾಲದ ಸೂರ್ಯಾರಾಧನೆ ಎಂದು ಬರೆದುಬಿಡುವ ಚಾಳಿ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಆರೆಸಳಿನ ಹೂವನ್ನೇ ನೋಡಿ. ಕೈವಾರದಿಂದ ಒಂದು ವೃತ್ತ ಎಳೆದು, ಕಾಲುಗಳ ಅಂತರ ಬದಲಿಸದೆ ಅಂಚಿನ ಮೇಲೆ ಹೆಜ್ಜೆ ಇಡುತ್ತ ಹೋದರೆ ಆರು ಎಸಳು ತಾನಾಗಿ ಅರಳುತ್ತದೆ. ಕೈವಾರ ಬಲ್ಲ ಕಲ್ಲುಕುಟಿಗರಿರುವ ಕಡೆಯೆಲ್ಲ ಈ ಹೂವು ಹುಟ್ಟಿದೆ, ನಮ್ಮ ಹಳೆಯ ಬಾಗಿಲುವಾಡಗಳಲ್ಲೂ ಇದೆ. ಇನ್ನೊಂದು ವಿಷಯ, ದಿಬ್ರಾ ಸೀಮೆಯ ಮೇಸ್ತ್ರಿಗಳು ಕಲ್ಲುಕೆಲಸಕ್ಕೆ ಹೆಸರಾದವರು. ತಂಡ ಕಟ್ಟಿಕೊಂಡು ದೂರದೂರಿಗೆ ಹೋಗಿ ಕುಲ್ಲಾ ಕಟ್ಟಿಕೊಡುತ್ತಿದ್ದರು. ಕ್ರೈಸ್ತರ ಮನೆಗೂ ಮುಸ್ಲಿಮರ ಮನೆಗೂ ಹತ್ತಿರದ ವಿನ್ಯಾಸಗಳು ಕಾಣುವಲ್ಲಿ ನಾನು ಮೊದಲು ನೆನೆಯುವುದು ಈ ಅಲೆಮಾರಿ ಕೈಗಳನ್ನು, ಆಮೇಲೆ ಪುರಾತನ ನಂಬಿಕೆಯನ್ನು. ಹಾವಿನ ಮಾತು ಬೇರೆ. ಮನೆಯ ಅಡಿಯಲ್ಲಿ ವಾಸಿಸುವ ಹಾವು ಮನೆಯ ಕಾವಲು, ಅದನ್ನು ಕೊಲ್ಲಬಾರದು ಎಂಬ ನಂಬಿಕೆ ಅಲ್ಬೇನಿಯನ್ನರಲ್ಲಿ ಗಟ್ಟಿಯಾಗಿ ದಾಖಲಾಗಿದೆ. ಹೊಸ್ತಿಲ ಬಳಿಯ ಹಾವಿಗೆ ಅರ್ಥ ಹೇಳಲು ಆಧಾರವಿದೆ, ಹೇಳಬಹುದು.

ನನ್ನನ್ನು ಹೆಚ್ಚು ಕಾಡುವುದು ನಕ್ಷೆಯಲ್ಲಿ ಖಾಲಿ ಬಿದ್ದ ನಡುವಿನ ಅಂತಸ್ತು. ಅಲ್ಲಿ ಅಲಂಕಾರವೇ ಇರಲಿಲ್ಲವೇ? ಇತ್ತು. ಹೆಂಗಸರು ನೇಯ್ದ ಉಣ್ಣೆಯ ಹಾಸುಗಳು, ಕಸೂತಿ, ಮದುವೆಯಲ್ಲಿ ತಂದ ಕೆತ್ತನೆಯ ಮರದ ಪೆಟ್ಟಿಗೆ. ಓಡಾದಲ್ಲಿ ಅತಿಥಿ ಕೂರುವ ಹಾಸೂ ಅವರ ಮಗ್ಗದಿಂದಲೇ ಬಂದದ್ದು. ಇವೆಲ್ಲ ಎತ್ತಿ ಸಾಗಿಸಬಹುದಾದವು. ಮನೆ ಬಿಟ್ಟಾಗ ಜೊತೆಗೆ ಹೋದವು, ಸವೆದವು, ಸುಟ್ಟವು. ಗೋಡೆಗಂಟಿದ್ದನ್ನಷ್ಟೇ ಅಳೆಯುವ ನಮ್ಮ ಕಸುಬು ಹಾಗಾಗಿ ಗಂಡಸರ ಕೋಣೆಯನ್ನೇ ಇಡೀ ಮನೆಯೆಂದು ಬರೆದಿಟ್ಟಿದೆ. ದಕ್ಷಿಣದ ಜಿರೊಕಾಸ್ತರ್ ಪಟ್ಟಣದ ಗೋಪುರ ಮನೆಗಳ ಜೊತೆ ಇಟ್ಟು ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ. 2005ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಆ ಊರಿನ ಜೆಕಾತೆ ಮನೆ 1812ರ ಸುಮಾರಿನದು. ಅದರ ದೊಡ್ಡ ಕೋಣೆಯಲ್ಲಿ ಬೆಂಕಿಗೂಡಿನ ಸುತ್ತ ಹೂಬಳ್ಳಿಯ ವರ್ಣಚಿತ್ರ, ಬಣ್ಣದ ಮಾಳಿಗೆ. ಪಟ್ಟಣದ ಸಿರಿವಂತಿಕೆ ಬಣ್ಣಕ್ಕೆ, ಗಿಲಾವಿಗೆ ಹೋಯಿತು. ಹಳ್ಳಿಯ ಕುಲ್ಲಾದ್ದು ಕಲ್ಲು, ಮರ ಮತ್ತು ಉಣ್ಣೆ.

1998-99ರ ಕೊಸೊವೊ ಯುದ್ಧದಲ್ಲಿ ದುಕಾಜಿನ್ ಬಯಲಿನ ಕುಲ್ಲಾಗಳಿಗೆ ಗುರಿಯಿಟ್ಟು ಬೆಂಕಿ ಹಚ್ಚಲಾಯಿತು. ಕಲ್ಲಿನ ಚಿಪ್ಪು ನಿಂತಿತು. ಮಹಡಿ, ಮಾಡು, ಮಾಳಿಗೆ, ಮೊಗಸಾಲೆ ಹೋದವು. ಇಂದು ಪುಸ್ತಕಗಳಲ್ಲಿ ಕುಲ್ಲಾದ ಅಲಂಕಾರ ಎಂದರೆ ಬಾಗಿಲ ಕೆತ್ತನೆ ಎನ್ನುವಂತಾಗಿರುವುದರಲ್ಲಿ ಬೆಂಕಿಯ ಪಾಲೂ ಇದೆ. ಯುದ್ಧದ ನಂತರ ಸ್ವೀಡನ್ನಿನ 'ಗಡಿಗಳಿಲ್ಲದ ಸಾಂಸ್ಕೃತಿಕ ಪರಂಪರೆ' ಸಂಸ್ಥೆ ದ್ರಾನೊತ್ಸ್, ಇಸ್ನಿಚ್ ಮೊದಲಾದ ಹಳ್ಳಿಗಳ ಕುಲ್ಲಾಗಳನ್ನು ದುರಸ್ತಿ ಮಾಡಿತು.

ಬೆಂದ ಸುಣ್ಣಕಲ್ಲಿನ ಕೆಲಸ ಸುಲಭದ್ದಲ್ಲ. ಕಬ್ಬಿಣದ ಅಂಶವಿರುವ ಕಲ್ಲು ಸುಮಾರು 300 ಡಿಗ್ರಿಗೆ ಕೆಂಪಗಾಗುತ್ತದೆ, ಅದನ್ನು ಉಳಿಸಬಹುದು. 800 ಡಿಗ್ರಿ ದಾಟಿದ ಕಡೆ ಕಲ್ಲೇ ಸುಣ್ಣವಾಗಿ, ಮಳೆ ಬಿದ್ದೊಡನೆ ಪುಡಿಯಾಗುತ್ತದೆ. ಕಿಟಕಿಯಿಂದ ಬೆಂಕಿ ನುಗ್ಗುವುದರಿಂದ ಕೆತ್ತನೆಯಿರುವ ಚೌಕಟ್ಟಿಗೇ ಹೆಚ್ಚು ಏಟು. ಅಂಥಲ್ಲಿ ಸಿಮೆಂಟು ಮೆತ್ತಿದರೆ ಒಳಗಿನ ತೇವ ಸಂದಿಯಿಂದ ಹೊರಬರಲಾರದೆ ಕಲ್ಲಿನ ಮೈಯಿಂದಲೇ ಹೊರಡುತ್ತದೆ. ಉಪ್ಪು ಮೈಮೇಲೆ ಅರಳಿ, ಮೊದಲು ಉದುರುವುದು ಉಳಿ ತಾಗಿದ ತೆಳು ಪದರ. ಸಂದಿಗೆ ಸುಣ್ಣದ ಗಾರೆಯೇ ಆಗಬೇಕು, ಕಲ್ಲಿಗಿಂತ ಮೆದುವಾಗಿರಬೇಕು.

ಮಾಳಿಗೆಯ ವಿಷಯದಲ್ಲಿ ಸಹೋದ್ಯೋಗಿಗಳ ಜೊತೆ ನನಗೆ ಭಿನ್ನಾಭಿಪ್ರಾಯ ಇದ್ದೇ ಇದೆ. ಸುಟ್ಟುಹೋದ ಓಡಾಕ್ಕೆ ನೆರೆಮನೆಯ ಸೂರ್ಯನನ್ನು ನಕಲು ಮಾಡಿ ಹೊಡೆಯಬಹುದು ಎನ್ನುವವರಿದ್ದಾರೆ. ಹಳೆಯ ಫೋಟೊ ಇದ್ದರೆ, ಕೂತು ನೋಡಿದ ಹಿರಿಯರು ಮನೆಯಲ್ಲಿದ್ದು ವಿವರ ಹೇಳಿದರೆ ಮಾಡಿ. ಅದಿಲ್ಲದ ಕಡೆ ಊರಿನ ಬಡಗಿಯನ್ನೇ ಕರೆದು, ಆ ಸೀಮೆಯ ಚೆಸ್ಟ್‌ನಟ್ ಮರದಲ್ಲಿ ಸಾದಾ ಹಲಗೆ, ಸಾದಾ ಪಟ್ಟಿಯ ಮಾಳಿಗೆ ಹಾಕಿಸಿ. ನಡುವಿನ ಜಾಗ ಖಾಲಿ ಬಿಟ್ಟು, ಯಾವ ವರ್ಷ ಯಾರು ಹಾಕಿದ್ದೆಂದು ತೊಲೆಯ ಮೇಲೆ ಕೆತ್ತಿಸಿ. ಅಲ್ಲಿ ಹೂವು ಬೇಕೋ ಬೇಡವೋ ಎನ್ನುವುದನ್ನು ಆ ಓಡಾದಲ್ಲಿ ಅತಿಥಿಯನ್ನು ಕೂರಿಸುವ ಕುಟುಂಬ ಮುಂದೆ ತೀರ್ಮಾನಿಸಲಿ.